ಇಷ್ಟೊಂದು ಶೂಟಿಂಗ್ ಆದರೂ ಅಮೆರಿಕದಲ್ಲಿ ಗನ್ ಕಾನೂನು ಯಾಕೆ ಬಿಗಿಯಾಗುವುದಿಲ್ಲ?

ಜನರಿಗೆ ಬೇಡ ಅಂತೇನಿಲ್ಲ. ಗನ್ ಮಾರುವ ಮೊದಲು ಕೊಳ್ಳುವವರ ಹಿನ್ನೆಲೆ ನೋಡಬೇಕು ಅಂದರೆ, ಗನ್ ಇಟ್ಟುಕೊಂಡವರಲ್ಲೂ ಹೆಚ್ಚಿನವರು ಹೂಂ ಅನ್ನುತ್ತಾರೆ. ಗಂಟು ಇರುವುದು ಸೆನೆಟ್‌ನಲ್ಲಿ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ.

2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ಮಂದಿ ದೊಡ್ಡವರು ಗುಂಡೇಟಿಗೆ ಸತ್ತರು. ಲೈಸೆನ್ಸ್ ಇರುವ ಅಂಗಡಿಯವರು ಹಿನ್ನೆಲೆ ತಪಾಸಣೆ ಮಾಡಲೇಬೇಕು. ಆದರೆ ಗನ್ ಮೇಳದಲ್ಲಿ ಖಾಸಗಿಯಾಗಿ ಮಾರುವವರಿಗೆ ಕೇಂದ್ರದ ಕಾನೂನಿನಲ್ಲಿ ಆ ಕಟ್ಟುಪಾಡು ಇರಲಿಲ್ಲ. ಈ ಕಿಂಡಿ ಮುಚ್ಚುವ ಪ್ರಸ್ತಾಪ ಆ ಕೊಲೆಗಳ ಬೆನ್ನಲ್ಲೇ 2013ರ ಏಪ್ರಿಲ್‌ನಲ್ಲಿ ಸೆನೆಟ್‌ಗೆ ಬಂತು. 100ರಲ್ಲಿ 54 ಮತ ಬಿತ್ತು. ಬಹುಮತವೇ ಅಲ್ವಾ? ಆದರೂ ಬಿದ್ದುಹೋಯಿತು. ಯಾಕಂದ್ರೆ ಅಲ್ಲಿ ಅಡ್ಡಗಟ್ಟುವವರನ್ನು ಮೀರಿ ಮುಂದೆ ಹೋಗೋಕೆ 60 ಬೇಕಿತ್ತು. ಅದರ ಮೇಲೆ, ಆರು ಲಕ್ಷವೂ ಜನರಿಲ್ಲದ ವಯೋಮಿಂಗ್‌ಗೂ ಇಬ್ಬರು ಸೆನೆಟರ್, ನಾಲ್ಕು ಕೋಟಿ ಹತ್ತಿರದ ಕ್ಯಾಲಿಫೋರ್ನಿಯಾಗೂ ಇಬ್ಬರೇ. ಹಳ್ಳಿಗಾಡಿನ ರಾಜ್ಯಗಳ ತೂಕ ಜಾಸ್ತಿ. ಪೊಲೀಸರು ಬರೋಕೆ ಅರ್ಧ ಗಂಟೆ ಹಿಡಿಯುವ ಊರಿನವರಿಗೆ ಗನ್ ಇಲ್ಲದಿದ್ದರೆ ಹೇಗೆ ಅನ್ನೋ ಭಯವನ್ನು ಸುಮ್ನೆ ಹುಚ್ಚು ಅನ್ನೋಕಾಗಲ್ಲ, ಬಿಡಿ.

ಇನ್ನು ಕೋರ್ಟು. ಸಂವಿಧಾನದ 1791ರ ಎರಡನೇ ತಿದ್ದುಪಡಿ ಕೊಡುವ ಗನ್ ಹಕ್ಕು ಮಿಲಿಷಿಯಾಕ್ಕೋ (ನಾಗರಿಕರ ಪಡೆಗೋ), ಪ್ರತಿಯೊಬ್ಬನಿಗೋ ಅನ್ನೋ ಜಗಳವನ್ನು ಸುಪ್ರೀಂ ಕೋರ್ಟ್ 2008ರಲ್ಲಿ 5–4ರಿಂದ ವ್ಯಕ್ತಿಯ ಹಕ್ಕು ಅಂತ ತೀರ್ಮಾನಿಸಿತು.

ಏನೂ ಆಗಿಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಟೆಕ್ಸಾಸ್‌ನ ಯುವಾಲ್ಡಿ ಊರಿನ ಶಾಲೆಯಲ್ಲಿ ಕೊಲೆಗಳಾದ ಮೇಲೆ, 2022ರ ಜೂನ್ 23ರಂದು ಸೆನೆಟ್ ಒಂದು ಮಸೂದೆ ಒಪ್ಪಿತು: 21 ವರ್ಷದೊಳಗಿನವರು ಗನ್ ಕೊಂಡರೆ ಹೆಚ್ಚಿನ ತಪಾಸಣೆ. ತಮಾಷೆ ನೋಡಿ, ಅದೇ ದಿನ ಸುಪ್ರೀಂ ಕೋರ್ಟು ಹೊರಗೆ ಗನ್ ಒಯ್ಯುವುದಕ್ಕೆ ನ್ಯೂಯಾರ್ಕ್ ಹಾಕಿದ್ದ ನೂರು ವರ್ಷ ಹಳೆಯ ಕಡಿವಾಣವನ್ನು ಕಿತ್ತುಹಾಕಿತು.