ಖಜಾನೆಯ ಬೀಗದ ಕೈ ಯಾರ ಹತ್ತಿರ ಇತ್ತು?

ನಮಸ್ಕಾರ. ನಿಮ್ಮ ‘ರಾಜನಿಗೇ ಇಲ್ಲ ಎಂದ ಮಂತ್ರಿ’ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ವಸ್ತು ಒಳ್ಳೆಯದು, ತಿದ್ದಿ ಕಳಿಸಿ.

ಸರ್ಬಿಯಾದ ರಾಜ ಒಂದನೇ ಪೀಟರ್ ಮುಂಗಡ ಹಣ ಕೇಳಿದ, ಹಣಕಾಸು ಮಂತ್ರಿ ಲಾಜಾರ್ ಪಾಚು ಕೊಡಲಿಲ್ಲ ಎಂಬ ಪ್ರಸಂಗಕ್ಕೆ ನೀವು ಒಂದೂವರೆ ಪುಟ ಸಂಭಾಷಣೆ ಹೆಣೆದಿದ್ದೀರಿ. ಮಂತ್ರಿಯ ಕಣ್ಣಲ್ಲಿ ನೀರನ್ನೂ ತರಿಸಿದ್ದೀರಿ. ಇದಕ್ಕೆ ಆಧಾರ ಕೊಟ್ಟಿಲ್ಲ. ‘ಹೀಗೊಂದು ಮಾತಿದೆ’ ಎಂದು ಎರಡು ಸಾಲಿನಲ್ಲಿ ಮುಗಿಸಿ.

ಇಲ್ಲ ಎನ್ನುವ ಬಲ ಮಂತ್ರಿಗೆ ಎಲ್ಲಿಂದ ಬಂತು? ಲೇಖನ ನಿಲ್ಲಬೇಕಾದ್ದು ಇದರ ಮೇಲೆ, ಅದೇ ಅದರಲ್ಲಿಲ್ಲ. 1903ರಲ್ಲಿ ಪೀಟರನಿಗಿಂತ ಹಿಂದಿನ ರಾಜ ಅಲೆಕ್ಸಾಂಡರನ ಕೊಲೆಯಾದ ಮೇಲೆ 1888ರ ಸಂವಿಧಾನ ಸಣ್ಣಪುಟ್ಟ ಬದಲಾವಣೆಯೊಂದಿಗೆ ಮರಳಿತು. ಅದರ ಪ್ರಕಾರ ಅರಮನೆಯ ವಾರ್ಷಿಕ ಮೊತ್ತ ಕಾನೂನಿನಿಂದ ನಿಗದಿ. ಸ್ಕುಪ್ಷ್ಟಿನಾ, ಅಂದರೆ ಶಾಸನಸಭೆ, ಒಪ್ಪದೆ ಅದು ಹೆಚ್ಚುವಂತಿಲ್ಲ, ರಾಜ ಒಪ್ಪದೆ ಇಳಿಯುವಂತಿಲ್ಲ. ಬಜೆಟ್ಟಿಗೆ ವರ್ಷವರ್ಷವೂ ಸಭೆಯ ಮಂಜೂರಾತಿ ಬೇಕು. ಖರ್ಚು ಮಂಜೂರಾದದ್ದನ್ನು ಮೀರದಂತೆ, ಒಂದು ಲೆಕ್ಕಶೀರ್ಷಿಕೆಯ ಹಣ ಇನ್ನೊಂದಕ್ಕೆ ಜಾರದಂತೆ ನೋಡಲು ‘ಗ್ಲಾವ್ನಾ ಕೊಂತ್ರೋಲಾ’ ಎಂಬ ಲೆಕ್ಕ ತಪಾಸಣಾ ಸಂಸ್ಥೆ ಇತ್ತು. ಇಷ್ಟು ಹೇಳಿದರೆ ಪಾಚು ಹಟಮಾರಿಯಾಗಿ ಅಲ್ಲ, ಕಾನೂನು ಬಲ್ಲವನಾಗಿ ಕಾಣುತ್ತಾನೆ.

ಇನ್ನೊಂದು ಕಡೆ ನೀವು ಅವನಿಗೆ ಬೇಡದಷ್ಟು ಹೊಗಳಿಕೆ ಕೊಟ್ಟಿದ್ದೀರಿ. ಸರ್ಬಿಯಾದಲ್ಲಿ ರೈಲು ಹಾಕಲು 1881ರಲ್ಲಿ ಒಪ್ಪಂದ ಮಾಡಿಕೊಂಡಿದ್ದ ಫ್ರಾನ್ಸಿನ ಯೂನಿಯನ್ ಜೆನೆರಾಲ್ ಬ್ಯಾಂಕು ಮರುವರ್ಷವೇ ಮುಳುಗಿತು. ಸಾಲದ ಮೇಲೆ ಸಾಲ ಏರಿ, 1895ರಲ್ಲಿ ಹಳೆಯದನ್ನೆಲ್ಲ ಸುಮಾರು 355 ದಶಲಕ್ಷ ಫ್ರಾಂಕಿನ ಶೇ. 4ರ ಒಂದೇ ಸಾಲವಾಗಿ ಕಟ್ಟಬೇಕಾಯಿತು. ತಂಬಾಕು, ಉಪ್ಪಿನಂಥ ಸರ್ಕಾರಿ ಏಕಸ್ವಾಮ್ಯಗಳ ಆದಾಯ ಒಂದು ಪ್ರತ್ಯೇಕ ಆಡಳಿತದ ವಶಕ್ಕೆ ಹೋಯಿತು. ಅದರಲ್ಲಿ ಸಾಲ ಕೊಟ್ಟವರ ಪ್ರತಿನಿಧಿಗಳೂ ಕೂತಿದ್ದರು. ಪಾಚು ಬಿಗಿ ಹಿಡಿದದ್ದು ನಿಜ. ಆದರೆ ಸಡಿಲ ಬಿಡಲು ಅವನ ಕೈಯಲ್ಲಿ ಎಷ್ಟು ಹಗ್ಗ ಉಳಿದಿತ್ತು ಎಂಬುದನ್ನೂ ಬರೆಯಿರಿ.

ನಿಜವಾದ ಪರೀಕ್ಷೆ ಬೇಕಿದ್ದರೆ 1906ರ ತೋಪುಗಳ ಖರೀದಿಗೆ ಹೋಗಿ. ವಿಯೆನ್ನಾ, ಅಂದರೆ ಆಸ್ಟ್ರಿಯಾ-ಹಂಗೆರಿ ಸರ್ಕಾರ, ತನ್ನ ಸ್ಕೋಡಾ ಕಂಪನಿಗಾಗಿ ಒತ್ತಡ ಹಾಕಿತು, ಫ್ರಾನ್ಸ್ ಸಾಲದ ಜೊತೆಗೇ ತನ್ನ ಷ್ನೈಡರ್ ಕಂಪನಿಯ ತೋಪುಗಳನ್ನು ಮುಂದಿಟ್ಟಿತು. ಆ ಶೇ. 4.5ರ ಸಾಲದ 95 ದಶಲಕ್ಷ ಫ್ರಾಂಕೂ ಖಜಾನೆಗೆ ಬಂತೆಂದು ಬರೆದಿದ್ದೀರಿ, ತಪ್ಪು. ಅದು ಮುಖಬೆಲೆ. ಬಾಂಡುಗಳು ಅದಕ್ಕಿಂತ ಕಡಿಮೆಗೆ ಹೋಗುತ್ತವೆ, ಬ್ಯಾಂಕುಗಳ ಕಮಿಷನ್ನೂ ಕಳೆಯುತ್ತದೆ. ಎರಡೂ ಅಂಕಿಗಳನ್ನು ಬೇರೆ ಬೇರೆ ತೋರಿಸಿ. ಸರ್ಬಿಯಾದ ನಾಣ್ಯ ದಿನಾರನ್ನು ಇಂದಿನ ರೂಪಾಯಿಗೆ ತಿರುಗಿಸುವ ಸಾಹಸವೂ ಬೇಡ. ಆ ವರ್ಷದ ಬಜೆಟ್ಟಿನ ಎಷ್ಟು ಪಾಲು ಎಂದರೆ ಸಾಕು.

ಎರಡನೇ ಪುಟದಲ್ಲಿ ಅಲೆಕ್ಸಾಂಡರ್ ಸತ್ತದ್ದು ಮೇ 29ರಂದು, ನಾಲ್ಕನೆಯದರಲ್ಲಿ ಜೂನ್ 11ರಂದು. ಒಬ್ಬನನ್ನೇ ಎರಡು ಸಲ ಕೊಂದಂತಾಗಿದೆ. ಸರ್ಬಿಯಾ ಆಗ ಹಳೆಯ ಜೂಲಿಯನ್ ಪಂಚಾಂಗದಲ್ಲಿತ್ತು, ನಾವು ಬಳಸುವ ಗ್ರೆಗೋರಿಯನ್‌ಗಿಂತ 13 ದಿನ ಹಿಂದೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ಮಂತ್ರಿಯ ಹೆಸರು ಐದು ಕಡೆ ‘ಪಾಕು’ ಆಗಿದೆ, ‘ಪಾಚು’ ಎಂದು ತಿದ್ದಿ.