ಓದುಗರ ಪ್ರಶ್ನೆ: ಒಣಬೇಸಾಯದ ಹೊಲವೋ, ಕಾಲುವೆಯ ಕೆಳಗಿನ ಗದ್ದೆಯೋ?

ಪ್ರಶ್ನೆ: 2020ರ ಲಾಕ್‌ಡೌನ್ ಕಂಡ ಮೇಲೆ, ಅಂಗಡಿ, ಕರೆಂಟು, ರಸ್ತೆ ಮೂರೂ ಕೆಲಕಾಲ ಕೈಕೊಟ್ಟರೂ ನಾಲ್ಕು ಜನರ ನಮ್ಮ ಕುಟುಂಬ ಒಂದು ವರ್ಷ ಉಂಡು ಇರಬಹುದಾದ ನೆಲೆಯೊಂದನ್ನು ಹಳ್ಳಿಯಲ್ಲಿ ಮಾಡಿಕೊಳ್ಳಬೇಕೆಂಬ ಯೋಚನೆ ನಮಗೆ ಬಂದಿದೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಒಣಬೇಸಾಯದ ಹೊಲ ಮಾರಾಟಕ್ಕಿದೆ. ಬಂಧುಗಳು, ‘ಅಲ್ಲಿ ನೀರಿಲ್ಲ, ಅದೇ ದುಡ್ಡಿಗೆ ಗಂಗಾವತಿ ಕಡೆ ಕಾಲುವೆ ಕೆಳಗೆ ಒಂದೆರಡು ಎಕರೆ ನೋಡಿ’ ಎನ್ನುತ್ತಾರೆ. ತಮ್ಮ ಸಲಹೆಯೇನು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾವು ಕೇಳಿರುವುದು ಲಾಭದ ಬೇಸಾಯದ ಪ್ರಶ್ನೆಯಾಗಿದ್ದರೆ ಬಂಧುಗಳ ಮಾತನ್ನೇ ಒಪ್ಪುತ್ತಿದ್ದೆ. ಆದರೆ ಹೊರಗಿನ ಆಸರೆ ತಪ್ಪಿದ ವರ್ಷದಲ್ಲಿ ಮನೆ ನಡೆಯಬೇಕೆಂಬುದು ತಮ್ಮ ಉದ್ದೇಶವಾಗಿರುವುದರಿಂದ, ಹಸಿರಾಗಿ ಕಾಣುವ ಸೀಮೆಯೇ ಭದ್ರವಾದ ಸೀಮೆ ಎಂದು ನಂಬುವಂತಿಲ್ಲ. ಕಾಲುವೆಯ ಕೆಳಗಿನ ಭತ್ತದ ಬೇಸಾಯವು ಅಣೆಕಟ್ಟಿನ ನೀರು, ಕೊಂಡ ಗೊಬ್ಬರ, ಬಾಡಿಗೆಯ ಕಟಾವು ಯಂತ್ರ ಮತ್ತು ರೈಸ್‌ಮಿಲ್ಲು ಇವಿಷ್ಟನ್ನೂ ನೆಚ್ಚಿಕೊಂಡಿದ್ದು, ಇವುಗಳಲ್ಲಿ ಯಾವುದೂ ರೈತನ ಕೈಯಲ್ಲಿಲ್ಲ. ಸುಮಾರು 133 ಟಿ.ಎಂ.ಸಿ. ಸಾಮರ್ಥ್ಯದೊಂದಿಗೆ ಆರಂಭವಾದ, ಗಂಗಾವತಿ ಕಡೆಯ ಎಡದಂಡೆ ಕಾಲುವೆಗೆ ನೀರು ಕೊಡುವ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105 ಟಿ.ಎಂ.ಸಿ. ಮಾತ್ರ. 2024ರ ಆಗಸ್ಟ್‌ನಲ್ಲಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ, ತಾತ್ಕಾಲಿಕ ತಡೆ ಕೂರಿಸುವಷ್ಟರಲ್ಲಿ ಅಪಾರ ನೀರು ಹೊಳೆಯ ಪಾಲಾಯಿತು; ಎಡದಂಡೆಯ ರೈತರೆಲ್ಲ ಆ ವಾರ ಒಂದು ಸರಪಳಿಯ ಸುದ್ದಿಗಾಗಿ ಕಾದು ಕುಳಿತಿದ್ದರು. ಅದೇ ಕಾಲುವೆಯ ಕೊನೆಯ ಭಾಗದಲ್ಲಿರುವ ರಾಯಚೂರು, ಮಾನ್ವಿ ಕಡೆಯವರಿಗೆ ಗೇಟು ಭದ್ರವಾಗಿದ್ದ ವರ್ಷಗಳಲ್ಲೂ ನೀರು ತಲುಪುವ ಖಾತರಿ ಇರಲಿಲ್ಲ.

ಇನ್ನು ಕುಷ್ಟಗಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿಯೂ ಹೆಚ್ಚು ಬೀಳುವುದು ಸೆಪ್ಟೆಂಬರ್‌ನಲ್ಲಿ. ಆದುದರಿಂದ ಹೊಲ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಎಕರೆ’ ಎಂಬುದಲ್ಲ, ‘ಎರೆಯೋ, ಮಸಾರಿಯೋ’ ಎಂಬುದು, ಅಂದರೆ ಕಪ್ಪು ಮಣ್ಣೋ, ಕೆಂಪು ಮಣ್ಣೋ ಎಂಬುದು. ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ನವಣೆ, ಶೇಂಗಾ, ನಡುನಡುವೆ ಅಕ್ಕಡಿ ಸಾಲಾಗಿ ತೊಗರಿ ಬರುತ್ತವೆ. ಎರೆಯಲ್ಲಿ ಹಿಂಗಾರಿ ಮಳೆಯ ಹಸಿಯನ್ನೇ ಹಿಡಿದುಕೊಂಡು ಬಿಳಿಜೋಳ ಮತ್ತು ಕಡಲೆ ಚಳಿಗಾಲವನ್ನು ಕಳೆಯುತ್ತವೆ. ಎರಡೂ ಬಗೆಯ ಮಣ್ಣು ಸ್ವಲ್ಪಸ್ವಲ್ಪವಾದರೂ ಇರುವ ಹೊಲ ಸಿಕ್ಕರೆ, ಬೆಲೆ ತುಸು ಹೆಚ್ಚಾದರೂ ಅದನ್ನೇ ಹಿಡಿಯಿರಿ, ಏಕೆಂದರೆ ಒಂದು ಮಳೆ ಕೈಕೊಟ್ಟ ವರ್ಷ ಇನ್ನೊಂದು ಮಳೆಯ ಬೆಳೆ ಮನೆಯನ್ನು ಸಾಗಿಸುತ್ತದೆ. ಒಬ್ಬರಿಗೆ ದಿನಕ್ಕೆ ನಾನೂರು ಗ್ರಾಂನಷ್ಟು ಧಾನ್ಯವೆಂದು ಹಿಡಿದರೂ ತಮ್ಮ ಮನೆಗೆ ವರ್ಷಕ್ಕೆ ಬೇಕಾಗುವುದು ಆರು ಕ್ವಿಂಟಲ್. ಒಳ್ಳೆಯ ವರ್ಷದಲ್ಲಿ ಎರಡು ಎಕರೆ ಎರೆಹೊಲ ಇಷ್ಟನ್ನು ಕೊಟ್ಟು, ಎತ್ತಿಗೆ, ಎಮ್ಮೆಗೆ ಕಣಿಕೆಯ (ಜೋಳದ ಒಣದಂಟಿನ) ಬಣವೆಯನ್ನೂ ಒಟ್ಟಿಸುತ್ತದೆ. ಭತ್ತದ ಹುಲ್ಲಿಗಿಂತ ಜೋಳದ ಕಣಿಕೆಯನ್ನು ದನ ಇಷ್ಟಪಟ್ಟು ಮೇಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಬಿಡಬೇಡಿ. ಉರುವಲಿಗಂತೂ ಬಳ್ಳಾರಿ ಜಾಲಿ ಇದ್ದೇ ಇದೆ, ಬೇಡವೆಂದರೂ ಹೊಲದ ಬದುವಿಗೆ ಬಂದು ನಿಲ್ಲುತ್ತದೆ.

ಹೀಗಿರುವಾಗ ತಮ್ಮ ಬಂಧುಗಳ ಆತಂಕ ಸುಳ್ಳೇ ಎಂದರೆ, ಅಲ್ಲ. ಅವರು ಬೆಳೆಯ ನೀರಿಗಾಗಿ ಹೆದರಿದ್ದಾರೆ. ಹೆದರಬೇಕಾದುದು ಕುಡಿಯುವ ನೀರಿಗೆ. ಗಟ್ಟಿ ಶಿಲೆಯ ಈ ಸೀಮೆಯಲ್ಲಿ ಬೋರು ಕೊರೆದರೂ ಬಿರುಕು ಸಿಕ್ಕಲ್ಲಿ ಮಾತ್ರ ನೀರು, ಸಿಕ್ಕ ನೀರಿನಲ್ಲಿಯೂ ಅನೇಕ ಊರುಗಳಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟಬಹುದು, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಕೀಲು ಮತ್ತು ಮೂಳೆಗೂ ಬಾಧೆ ಬರಬಹುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಈ ಕೆಲಸವನ್ನು ಮಾಡುತ್ತದೆ ನಿಜ, ಆದರೆ ಅದು ಕರೆಂಟಿನಿಂದ ನಡೆಯುವ ಯಂತ್ರ. ತಾವು ಯಾವ ದಿನಕ್ಕಾಗಿ ಸಿದ್ಧತೆ ಮಾಡಿಕೊಳ್ಳುತ್ತಿದ್ದೀರೋ ಅಂದೇ ಅದು ನಿಂತಿರುತ್ತದೆ. ಇದಕ್ಕೆ ಪರಿಹಾರ ಚಾವಣಿಯ ಮಳೆನೀರು. ಸಾವಿರ ಚದರಡಿಯ ಚಾವಣಿಯಿಂದ, ಸೋರಿಕೆಯನ್ನು ಕಳೆದರೂ, ಸಾಧಾರಣ ವರ್ಷದಲ್ಲಿ ನಲವತ್ತು ಸಾವಿರ ಲೀಟರ್ ಹಿಡಿಯಬಹುದು. ನಾಲ್ವರ ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ ಮೂವತ್ತು ಲೀಟರೆಂದರೆ, ಮಳೆಯಿಲ್ಲದ ಎಂಟು ತಿಂಗಳಿಗೆ ಏಳೆಂಟು ಸಾವಿರ ಲೀಟರ್ ಸಾಕು. ಬಿಸಿಲು ಬೀಳದ, ಮುಚ್ಚಳವಿರುವ ಹತ್ತು ಸಾವಿರ ಲೀಟರಿನ ತೊಟ್ಟಿಯನ್ನು ಮನೆಯ ತಳಪಾಯದ ಜೊತೆಯಲ್ಲಿಯೇ ಕಟ್ಟಿಸಿ, ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ಏರ್ಪಾಟು ಇರಲಿ. ದನಕರುಗಳಿಗೆ ಮತ್ತು ಬಳಕೆಗೆ ಬೋರಿನ ನೀರೋ ಕೃಷಿಹೊಂಡವೋ ಬೇರೆಯಾಗಿ ಬೇಕು. ಬೇಸಿಗೆಯಲ್ಲಿ ಹಾಲು ಕೊಡುವ ಎಮ್ಮೆಯೊಂದೇ ದಿನಕ್ಕೆ ಐವತ್ತು ಲೀಟರ್ ಮೀರಿ ಕುಡಿಯುತ್ತದೆ.

ಹೊಲವನ್ನು ಅಕ್ಟೋಬರಿನಲ್ಲಿ ನೋಡಿ ಒಪ್ಪಬೇಡಿ. ಬಿಸಿಲು 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಹೋಗಿ, ಊರಿನ ಹೆಂಗಸರು ಕೊಡ ಹಿಡಿದು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ನೋಡಿ, ಆ ನೀರನ್ನೇ ಪರೀಕ್ಷೆಗೆ ಕಳುಹಿಸಿ.

ಕಾಗದಪತ್ರದ ಮಾತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾಗಿರುವುದರಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳಲು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಿಡುವುದಿಲ್ಲ. ಆದ್ದರಿಂದ ಈಗಿನ ಪಹಣಿಯೊಂದನ್ನೇ ನೋಡದೆ ಹಳೆಯ ದಾಖಲೆಗಳನ್ನೂ ತೆಗೆಸಿರಿ.

ನಾಲ್ಕು ಎಕರೆಯನ್ನು ನಾಲ್ಕೇ ಜನ ಮಾಡಲಾಗದು ಎಂಬುದನ್ನೂ ಹೇಳಬೇಕು. ಬಿತ್ತನೆಗೆ ಹದ ಬಂದಾಗ ಇರುವುದು ಕೆಲವೇ ದಿನ. ಆಗ ಎತ್ತು, ಬಿತ್ತುವ ಕೂರಿಗೆ, ಮುಯ್ಯಾಳು (ಕೆಲಸಕ್ಕೆ ಪ್ರತಿಯಾಗಿ ಕೆಲಸಕ್ಕೆ ಬರುವ ಆಳು) ಇವನ್ನು ಕೊಡುವವರು ನೆರೆಹೊಲದವರು. ಬೇಲಿ ಹಾಕಿ ಒಳಗೆ ಕೂಡುವ ಯೋಚನೆಯಿದ್ದರೆ ಈ ಸೀಮೆ ಬೇಡ. ಮೊದಲ ಎರಡು ಹಂಗಾಮು ಹೊಲವನ್ನು ಊರಿನವರಿಗೇ ಪಾಲಿಗೆ ಕೊಟ್ಟು, ಬಿತ್ತುವಾಗ ಮತ್ತು ರಾಶಿ ಮಾಡುವಾಗ ತಾವು ಜೊತೆಯಲ್ಲಿರಿ.

ಪ್ರಶ್ನೆ: ನಮ್ಮ ಹಿರಿಯರ ಮನೆಯಲ್ಲಿ ಹಳೆಯ ಹಗೇವು (ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿ) ಇದೆ. ವರ್ಷದ ಜೋಳವನ್ನು ಅದರಲ್ಲಿ ತುಂಬಿಡಬಹುದೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಒಣಸೀಮೆಯಲ್ಲಾಗಿದ್ದರೆ ಧಾರಾಳವಾಗಿ ತುಂಬಿ ಎನ್ನುತ್ತಿದ್ದೆ. ತಮ್ಮ ಭಾಗದಲ್ಲಿ ಕಾಲುವೆ ಬಂದ ಮೇಲೆ ಅಂತರ್ಜಲ ಮೇಲೇರಿ ನೆಲ ತೇವಗಟ್ಟಿದೆ. ಅಂಥ ಹಗೇವಿನಲ್ಲಿ ಜೋಳ ಮುಗ್ಗುತ್ತದೆ. ಚೆನ್ನಾಗಿ ಒಣಗಿಸಿ, ಹಲ್ಲಿನಲ್ಲಿ ಕಡಿದರೆ ಟಕ್ಕನೆ ಒಡೆಯುವ ಕಾಳನ್ನು ಗಾಳಿಯಾಡದ ಚೀಲದಲ್ಲಿಯೋ ಡ್ರಮ್ಮಿನಲ್ಲಿಯೋ ಕಟ್ಟಿಡುವುದು ಲೇಸು. ಹಗೇವನ್ನು ನೋಡಲೇಬೇಕೆಂದಿದ್ದರೆ ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು. ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ದೀಪ ಇಳಿಬಿಟ್ಟು ನೋಡುವ ರೂಢಿಯಿದೆ; ಅದು ಆರಿದರೆ ಅಪಾಯ ಖಚಿತ, ಆರದಿದ್ದರೂ ಅದನ್ನೇ ನೆಚ್ಚದೆ ಇಡೀ ದಿನ ಬಾಯಿ ತೆರೆದಿಟ್ಟು, ಫ್ಯಾನಿನಿಂದ ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಮೇಲಷ್ಟೇ ಇಳಿಯಿರಿ.