ಸುಂಕದವನ ಮುಂದೆ: ಐನೂರರಲ್ಲಿ ಒಂದು ಗಡಿಯಾರ

ಕಾರವಾರದ ಸುಂಕ ಕಚೇರಿಯಿಂದ ನಿವೃತ್ತರಾಗಿ ಈಗ ಶಿರಸಿಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 56 ವರ್ಷ. ಶಿರಸಿ ತಾಲೂಕಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟವಿದೆ. ಮಗಳ ಮದುವೆ ಮುಗಿಯಿತು, ಸೊಸೈಟಿ ಸಾಲ ತೀರಿತು. ಕಾಲೇಜು ದಿನಗಳಿಂದಲೂ ಒಂದು ಸ್ವಿಸ್ ಕೈಗಡಿಯಾರದ ಆಸೆ. ಈಗ ಅಲ್ಲಿಯ ಕಂಪನಿಯೊಂದು ಐನೂರೇ ಐನೂರು ಗಡಿಯಾರ ತಯಾರಿಸುತ್ತಿದೆ. ಮುಂಗಡ ಕೊಟ್ಟರೆ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತೇವೆ ಎಂದು ಬೆಂಗಳೂರಿನ ಅಂಗಡಿಯವರು ಹೇಳಿದ್ದಾರೆ. ಅಲ್ಲಿಯ ಬೆಲೆಗೂ ಇಲ್ಲಿಯ ಬೆಲೆಗೂ ಬಹಳ ಅಂತರ. ಏಕೆಂದು ಕೇಳಿದರೆ ಸುಂಕ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ನೌಕರಿಯಲ್ಲಿರುವ ಅಕ್ಕನ ಮಗ, ‘ದೀಪಾವಳಿಗೆ ಬರುವಾಗ ಕೈಗೆ ಕಟ್ಟಿಕೊಂಡೇ ಬರುತ್ತೇನೆ ಮಾವ, ಯಾರೂ ಕೇಳುವುದಿಲ್ಲ’ ಎನ್ನುತ್ತಾನೆ. ಹೊಸ ಒಪ್ಪಂದದಿಂದ ಸುಂಕ ಇಳಿಯುತ್ತದಂತೆ, ಕಾಯಲೇ? ಒಂದು ಗಡಿಯಾರಕ್ಕೆ ಸರ್ಕಾರ ಹೀಗೆ ಸುಲಿಯುವುದು ನ್ಯಾಯವೇ? ಹೆಂಡತಿಗೆ ಇನ್ನೂ ಹೇಳಿಲ್ಲ. ರಾತ್ರಿ ಎದ್ದು ಮೊಬೈಲಿನಲ್ಲಿ ಅದರ ಚಿತ್ರ ನೋಡುತ್ತೇನೆ.
– ಹೆಸರು ಬೇಡ

ಉತ್ತರ: ಯಜಮಾನರೇ, ರಾತ್ರಿ ಎದ್ದು ಚಿತ್ರ ನೋಡುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ನನ್ನ ಅಪ್ಪ ಶಿರಸಿಯ ಬಿಡಕಿಬೈಲಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಎರಡಡಿ ಅಗಲದ ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಸ್ಟೂಲು, ಇಷ್ಟೇ ಅಂಗಡಿ. ಮಳೆಗಾಲದಲ್ಲಿ ಗಾಜಿನೊಳಗೆ ಹಬೆ ಕಟ್ಟಿದ ಗಡಿಯಾರಗಳೇ ಹೆಚ್ಚು ಬರುತ್ತಿದ್ದವು. ಹಿಂಬದಿಯ ಮುಚ್ಚಳ ಬಿಚ್ಚಿ ಬಲ್ಬಿನ ಕೆಳಗೆ ಸಾಲಾಗಿ ಇಡುತ್ತಿದ್ದರು. ಸೋಮವಾರ ಕೊಡುತ್ತೇನೆ ಎಂದರೂ ಗುರುವಾರ, ಶುಕ್ರವಾರ, ಶನಿವಾರ ಮೂರೂ ದಿನ ಬಂದು ‘ಆಯಿತೇ?’ ಎಂದು ಕೇಳುವವರಿದ್ದರು. ಆಗಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಗಾಜಿನಾಚೆಯಿಂದ ಒಮ್ಮೆ ಕಣ್ಣು ಹಾಯಿಸಿ ಹೋಗುತ್ತಿದ್ದರು, ಅಷ್ಟೆ. ಆ ಕಾಲಕ್ಕೆ ಅವು ಬೆಂಗಳೂರಿನ ಎಚ್‌ಎಂಟಿ ಗಡಿಯಾರಗಳು. ಮದುವೆಯಲ್ಲಿ ಮಾವ ಕೊಟ್ಟಿದ್ದು, ನೌಕರಿ ಸಿಕ್ಕ ವರ್ಷ ಕೊಂಡಿದ್ದು. ಆಸೆಗೆ ಸ್ವಿಸ್, ಸ್ವದೇಶಿ ಎಂಬ ಭೇದವಿಲ್ಲ. ಸುಂಕಕ್ಕೆ ಮಾತ್ರ ಇದೆ.

ಮೊದಲು ಲೆಕ್ಕ. ಕೈಗಡಿಯಾರದ ಮೂಲ ಆಮದು ಸುಂಕ 2018ರ ಬಜೆಟ್‌ನಲ್ಲಿ ಶೇ 10ರಿಂದ ಶೇ 20ಕ್ಕೆ ಏರಿತು. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ. ಇವೆರಡನ್ನೂ ಬೆಲೆಗೆ ಕೂಡಿಸಿ, ಬಂದ ಮೊತ್ತದ ಮೇಲೆ ಶೇ 18 ಜಿಎಸ್‌ಟಿ. ಅಂದರೆ ತೆರಿಗೆಯ ಮೇಲೂ ತೆರಿಗೆ. ಹೊಸ ಒಪ್ಪಂದದ ರಿಯಾಯಿತಿಯ ಮಾತು ಆಮೇಲೆ. ಅದನ್ನು ಬಿಟ್ಟು, ಆಮದು ಬೆಲೆ 6 ಲಕ್ಷ ರೂಪಾಯಿ ಎಂದು ಹಿಡಿಯಿರಿ. ಸುಂಕ 1,20,000. ಮೇಲ್ತೆರಿಗೆ 12,000. ಈಗ ಗಡಿಯಾರ 7,32,000ಕ್ಕೆ ಬಂದು ನಿಂತಿತು. ಅದರ ಮೇಲೆ ಜಿಎಸ್‌ಟಿ 1,31,760. ಒಟ್ಟು ತೆರಿಗೆ 2,63,760 ರೂಪಾಯಿ, ನೂರಕ್ಕೆ ಹತ್ತಿರ ಹತ್ತಿರ 44. ಅಡಿಕೆ ಕ್ವಿಂಟಲ್‌ಗೆ 45 ಸಾವಿರ ಎಂದುಕೊಂಡರೂ, ಆರು ಕ್ವಿಂಟಲ್‌ಗೆ ತುಸು ಕಡಿಮೆ ಅಡಿಕೆ ಬರೀ ತೆರಿಗೆಗೆ ಹೋಯಿತು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನ ಕೂಲಿ, ಸುಲಿಯುವ ಖರ್ಚು ಬೇರೆ.

ಆದರೆ ಅಂಗಡಿಯವರು ‘ಸುಂಕ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ಪೂರ್ತಿ ಸತ್ಯವಲ್ಲ. ಸುಂಕ ಬೀಳುವುದು ಅವರು ತರಿಸಿಕೊಂಡ ಸಗಟು ಬೆಲೆ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ. ಗಾಜಿನ ಕಪಾಟಿನಲ್ಲಿ ಇಟ್ಟಿರುವ ಬೆಲೆಯ ಮೇಲಲ್ಲ. ಸ್ವಿಟ್ಜರ್ಲೆಂಡಿನ ಅಂಗಡಿಯ ಬೆಲೆಗೆ ಶೇ 44 ಕೂಡಿಸಿದರೆ ಬರುವ ಅಂಕಿಯನ್ನೇ ಅವರು ಹೇಳುತ್ತಿದ್ದರೆ, ಆ ಅಂತರದಲ್ಲಿ ಸರ್ಕಾರದ ಪಾಲು ಎಷ್ಟು, ತಮ್ಮ ಪಾಲು ಎಷ್ಟು ಎಂದು ಕೇಳಿ. ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ. ಹಾಗೆಯೇ ಹೇಳಿದ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿದೆಯೇ, ಗಡಿಯಾರ ಬರದಿದ್ದರೆ ಮುಂಗಡ ವಾಪಸೇ, ಹಿಂಬದಿಯಲ್ಲಿ ಕೆತ್ತುವ ಸಂಖ್ಯೆಯೇ ಬಿಲ್ಲಿನಲ್ಲೂ ಖಾತರಿ ಕಾರ್ಡಿನಲ್ಲೂ ಇರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಅವರು ತೆಗೆದುಕೊಳ್ಳುವಂತಿಲ್ಲ, ಪಾನ್ ಸಂಖ್ಯೆ ಕೊಡಲೇಬೇಕು. ಅಡಿಕೆ ಮಾರಿದ ನೋಟಿನ ಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಡಿ. ಬೆಲೆ 10 ಲಕ್ಷ ದಾಟಿದರೆ 2025ರ ಏಪ್ರಿಲ್ 22ರಿಂದ ಶೇ 1ರಷ್ಟನ್ನು ಅಂಗಡಿಯವರೇ ಮುಂಗಡ ಆದಾಯ ತೆರಿಗೆಯಾಗಿ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಇನ್ನು ನಿಮ್ಮ ಅಳಿಯ. ಈ ‘ಕೈಗೆ ಕಟ್ಟಿಕೊಂಡರೆ ಯಾರೂ ಕೇಳುವುದಿಲ್ಲ’ ಎಂಬ ಮಾತನ್ನು ನಾನು ಮೂವತ್ತು ವರ್ಷ ಕೇಳಿದ್ದೇನೆ. ನಡುವೆ ಮೂರು ವರ್ಷ ವಿಮಾನ ನಿಲ್ದಾಣವೊಂದರಲ್ಲಿ ಇದ್ದಾಗ ಸುಂಕ ಕಟ್ಟುವಂಥದ್ದೇನೂ ಇಲ್ಲ ಎನ್ನುವವರು ಹೊರಹೋಗುವ ಗ್ರೀನ್ ಚಾನೆಲ್ಲಿನ ಬಾಯಲ್ಲಿ ನಿಲ್ಲುತ್ತಿದ್ದೆ. ಒಂದು ಬೆಳಗಿನ ಜಾವ ಮೂವತ್ತರ ಆಸುಪಾಸಿನ ಹುಡುಗನೊಬ್ಬ ಬಂದ. ತೋಳು ಮಡಚಿದ ಅಂಗಿ, ಕೈಯಲ್ಲಿ ಗಡಿಯಾರ. ಎಷ್ಟು ದಿನದಿಂದ ಕಟ್ಟುತ್ತಿದ್ದೀರಿ ಎಂದು ಕೇಳಿದೆ. ‘ಎರಡು ವರ್ಷ’ ಎಂದ. ಪಟ್ಟಿಯ ಕೊಂಡಿಯ ಮೇಲೆ ಕಾರ್ಖಾನೆಯಲ್ಲಿ ಅಂಟಿಸುವ ತೆಳು ನೀಲಿ ಪೊರೆ ಹಾಗೆಯೇ ಇತ್ತು. ಒಂದು ಅಂಚು ಮಾತ್ರ ಎದ್ದು ಬೆವರಿಗೆ ಸುರುಳಿಯಾಗಿತ್ತು. ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಬಿಳಿ ಪಟ್ಟೆಯೂ ಇರಲಿಲ್ಲ. ಗಡಿಯಾರ ರಿಪೇರಿಯವನ ಮಗ ನಾನು, ಅವನ ದುರದೃಷ್ಟ. ಪೆಟ್ಟಿಗೆ ತೆಗೆಸಿದರೆ ಕಾಲುಚೀಲದೊಳಗೆ ಖಾತರಿ ಕಾರ್ಡು, ಅದರ ಮೇಲೆ ನಾಲ್ಕು ದಿನ ಹಿಂದಿನ ತಾರೀಖು. ಆಮೇಲೆ ತನ್ನ ಅಪ್ಪನಿಗೆ ಅರವತ್ತು ತುಂಬಿದ ಕಥೆಯನ್ನೆಲ್ಲ ಹೇಳಿ ಅತ್ತ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಾನು ಅಂದಷ್ಟು ಯಾವತ್ತೂ ಶಪಿಸಿಲ್ಲ. ಸುಂಕ, ದಂಡ ಎರಡನ್ನೂ ಕಟ್ಟಿಸಿಕೊಂಡೆವು.

ಬಳಸಿದ ಸ್ವಂತ ವಸ್ತುಗಳಿಗೆ ವಿನಾಯಿತಿ ಇರುವುದು ನಿಜ. ಮಾವನಿಗೆಂದು ಕೊಂಡು, ವಿಮಾನದಲ್ಲಿ ಎಂಟು ಗಂಟೆ ಕಟ್ಟಿಕೊಂಡ ಗಡಿಯಾರ ಬಳಸಿದ ಸ್ವಂತ ವಸ್ತುವಾಗುವುದಿಲ್ಲ. ಅದರಲ್ಲೂ ಐನೂರರಲ್ಲಿ ಇಷ್ಟನೆಯದು ಎಂದು ಬೆನ್ನಮೇಲೆ ಸಂಖ್ಯೆ ಹೊತ್ತ ಗಡಿಯಾರ ಎಲ್ಲಿ, ಯಾವಾಗ ಮಾರಾಟವಾಯಿತು ಎಂದು ತಿಳಿಯುವುದು ಕಷ್ಟವೇ ಅಲ್ಲ. ಅವನು ತರುವುದೇ ಆದರೆ ಬಿಲ್ಲು ಕೈಯಲ್ಲಿ ಹಿಡಿದು ಸುಂಕದ ವಸ್ತು ಇದೆ ಎಂದು ಹೇಳಿಕೊಳ್ಳುವವರ ರೆಡ್ ಚಾನೆಲ್ಲಿಗೆ ನೇರವಾಗಿ ಹೋಗಲಿ. 2019ರಲ್ಲಿ ನಾನು ನಿವೃತ್ತನಾದಾಗ ಪ್ರಯಾಣಿಕನಿಗೆ 50 ಸಾವಿರ ರೂಪಾಯಿಯವರೆಗೆ ವಿನಾಯಿತಿ, ಅದಕ್ಕೆ ಮೇಲ್ಪಟ್ಟಿದ್ದಕ್ಕೆ ಮೇಲ್ತೆರಿಗೆ ಸೇರಿ ಶೇ 38.5 ಇತ್ತು. 6 ಲಕ್ಷದ ಗಡಿಯಾರಕ್ಕೆ 2,11,750 ರೂಪಾಯಿ. ಹೆಂಡತಿಯ ಪಾಲಿನ ವಿನಾಯಿತಿಯನ್ನೂ ಸೇರಿಸಿಕೊಳ್ಳುತ್ತೇನೆ ಎಂದರೆ ನಡೆಯುತ್ತಿರಲಿಲ್ಲ. ಈ ಅಂಕಿಗಳು ಬಜೆಟ್ಟಿನಲ್ಲಿ ಬದಲಾಗುವಂಥವು, ಟಿಕೆಟ್ ತೆಗೆಸುವ ವಾರ ಸುಂಕ ಮಂಡಳಿಯ ಜಾಲತಾಣ ನೋಡಿಕೊಳ್ಳಲಿ. ಇನ್ನೊಂದು ಮಾತು: ಸ್ವಿಟ್ಜರ್ಲೆಂಡಿನ ಅಂಗಡಿ ಬೆಲೆಯಲ್ಲಿ ಅಲ್ಲಿಯ ಶೇ 8.1ರ ತೆರಿಗೆ ಸೇರಿರುತ್ತದೆ. ಪ್ರವಾಸಿಗರಿಗೆ ಅದು ವಾಪಸು ಸಿಗುತ್ತದೆ. ಅಲ್ಲೇ ವಾಸವಿರುವ ನಿಮ್ಮ ಅಳಿಯನಿಗೆ ಸಿಗುವುದಿಲ್ಲ. ಅವನು ತರುವ ಗಡಿಯಾರಕ್ಕೆ ಅಲ್ಲಿಯ ತೆರಿಗೆಯೂ ಬಿತ್ತು, ಇಲ್ಲಿಯದೂ ಬಿತ್ತು.

ಒಪ್ಪಂದದ ವಿಷಯ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ದೇಶಗಳ ಕೂಟದ ಜೊತೆ ಭಾರತ 2024ರ ಮಾರ್ಚ್ 10ರಂದು ಸಹಿ ಹಾಕಿದ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಂತೆ ಸ್ವಿಸ್ ಗಡಿಯಾರಗಳ ಮೇಲಿನ ಮೂಲ ಸುಂಕ ಏಳು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಇಳಿಯುವುದು ಸುಂಕ ಮಾತ್ರ. ಶೇ 18 ಜಿಎಸ್‌ಟಿ ಕುಳಿತಲ್ಲೇ ಕುಳಿತಿರುತ್ತದೆ. ಆ ರಿಯಾಯಿತಿ ಸಿಗಬೇಕಾದರೆ ಗಡಿಯಾರ ಅಲ್ಲಿಯದೇ ಎಂಬುದಕ್ಕೆ ಮೂಲದ ದಾಖಲೆ ಬೇಕು, ಅದು ವ್ಯಾಪಾರಿಯ ಆಮದು ಕಾಗದಗಳ ಜೊತೆ ಬರುವಂಥದ್ದು. ಈ ಸಲದ ಸರಕು ಯಾವ ದರದಲ್ಲಿ ಬರುತ್ತದೆ ಎಂದು ಬೆಂಗಳೂರಿನವರನ್ನೇ ಕೇಳಿ.

ಕಾಯಲೇ ಎಂದಿರಿ. ಸದಾ ತಯಾರಾಗುವ ಮಾದರಿಯಾಗಿದ್ದರೆ ಕಾಯಿರಿ ಎನ್ನುತ್ತಿದ್ದೆ. ಐನೂರರ ಗಡಿಯಾರ ಏಳು ವರ್ಷ ನಿಮಗಾಗಿ ಕಾಯುವುದಿಲ್ಲ. ಆಮೇಲೆ ಅದು ಸಿಗುವುದು ಎರಡನೇ ಕೈಯಿಂದ, ಮಾರುವವನು ಹೇಳಿದ ಬೆಲೆಗೆ. ಒಂದು ಮೆಟ್ಟಿಲು ಸುಂಕ ಇಳಿದಷ್ಟರಲ್ಲಿ ಅಲ್ಲಿಯ ನಾಣ್ಯ ಫ್ರಾಂಕಿನ ಬೆಲೆ ಏರಬಹುದು, ಕಂಪನಿಯೇ ಬೆಲೆ ಏರಿಸಬಹುದು. ಬೆಂಗಳೂರಿನ ಅಂಗಡಿಯಲ್ಲಿ, ಇಲ್ಲಿಯ ಬಿಲ್ಲಿನ ಮೇಲೆ, ಈಗಲೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಅಳಿಯನ ಲೆಕ್ಕಕ್ಕಿಂತ ನಾಲ್ಕು ಕಾಸು ಹೆಚ್ಚಾದರೂ ದೀಪಾವಳಿಯ ಹಿಂದಿನ ರಾತ್ರಿ ವಿಮಾನ ನಿಲ್ದಾಣದಿಂದ ಫೋನ್ ಬರುವುದಿಲ್ಲ.

ಉಳಿದದ್ದು ಸುಲಿಗೆಯ ಮಾತು. ಇದನ್ನು ಓದಿ ನನಗೆ ನಗು ಬಂತು, ಬೇಸರಿಸಬೇಡಿ. ಅಡಿಕೆಯ ಮೇಲೆ ಆಮದು ಸುಂಕ ನೂರಕ್ಕೆ ನೂರು. ಅದು ಸಾಲದೆಂದು 2023ರ ಫೆಬ್ರವರಿಯಲ್ಲಿ, ಇದಕ್ಕಿಂತ ಅಗ್ಗದ್ದನ್ನು ತರಿಸುವಂತಿಲ್ಲ ಎಂಬ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ನಿಮ್ಮ ತೋಟದ ಕಾಳುಮೆಣಸಿಗೂ ಕಿಲೋಗೆ 500 ರೂಪಾಯಿಯ ಕಟ್ಟೆ ಇದೆ. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಈ ಕಟ್ಟೆ ಸಡಿಲಿಸಿದಾಗ ನಮ್ಮ ಸೀಮೆಯಲ್ಲಿ ಎಷ್ಟು ಗಲಾಟೆಯಾಯಿತು ನೆನಪಿಸಿಕೊಳ್ಳಿ. ಗಡಿ ದಾಟಿ ಕದ್ದು ಬರುವ ಅಡಿಕೆ ಚೀಲದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಸುಂಕದವರು ನಿದ್ದೆ ಮಾಡುತ್ತಿದ್ದರೇ ಎಂದು ನೀವೇ ಜಗಲಿಯಲ್ಲಿ ಕುಳಿತು ಬೈದಿರಲಿಕ್ಕೂ ಸಾಕು. ಸ್ವಿಸ್ ಗಡಿಯಾರದವನು ನಿಮ್ಮ ಅಡಿಕೆಯ ಸುಂಕವನ್ನು ಏನೆಂದು ಕರೆಯುತ್ತಾನೋ! ಗಡಿಯಾರದ ಸುಂಕ ಹೆಚ್ಚೇ ಎಂದು ಕೇಳಿದರೆ ಹೆಚ್ಚೇ ಎನ್ನುತ್ತೇನೆ. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯ ಬಾಗಿಲು 2016ರಲ್ಲಿ ಮುಚ್ಚಲು ತೀರ್ಮಾನಿಸಿದ ಮೇಲೆ ಯಾರನ್ನು ಕಾಯಲು ಈ ಗೋಡೆ ಎಂದು ಇಲಾಖೆಯೊಳಗಿದ್ದಾಗಲೇ ನನಗೆ ಅನಿಸಿತ್ತು. ಟೈಟಾನ್‌ನವರು ಬೇರೆ ಉತ್ತರ ಹೇಳಿಯಾರು.

ಹೆಂಡತಿಗೆ ಹೇಳಿಬಿಡಿ. ಪಾನ್ ಸಂಖ್ಯೆ, ಬ್ಯಾಂಕಿನ ಸಂದೇಶ, ಅಂಗಡಿಯವರ ಫೋನು, ಇಷ್ಟರಲ್ಲಿ ಒಂದಾದರೂ ಅವರ ಕಿವಿಗೆ ಬೀಳುತ್ತದೆ. ಗಡಿಯಾರ ಬಂದ ಮೇಲೆ ಕೊನೆ ಕೊಯ್ಯುವ ದಿನ ಕಟ್ಟಿಕೊಳ್ಳಬೇಡಿ, ಅಡಿಕೆಯ ಚೊಗರು ಪಟ್ಟಿಯ ಸಂದಿಗೆ ಇಳಿದರೆ ಹೋಗುವುದಿಲ್ಲ.

ಪ್ರಶ್ನೆ: ಮನೆಯವರ ಗೆಳೆಯರು ದುಬೈಯಿಂದ ಕೊರಿಯರಿನಲ್ಲಿ ಗಡಿಯಾರ ಕಳಿಸುತ್ತಾರಂತೆ. ‘ಉಡುಗೊರೆ’ ಎಂದು ಬರೆದರೆ ತೆರಿಗೆ ಇಲ್ಲವಲ್ಲ?
– ಓದುಗರು, ಕಾರವಾರ

ಉತ್ತರ: ಇದೆ. ಉಡುಗೊರೆಯ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ. ಬೆಲೆಯನ್ನು ಕಡಿಮೆ ಬರೆಸುವ ಉಪಾಯ ಮಾಡಬೇಡಿ. ಕಳೆದುಹೋದರೆ ವಿಮೆಯೂ ಆ ಕಡಿಮೆ ಬೆಲೆಗೇ ಸಿಗುತ್ತದೆ.

ಪ್ರಶ್ನೆ: ನಮ್ಮ ಮಾವನವರು ಬಿಟ್ಟುಹೋದ ಹಳೆಯ ಸ್ವಿಸ್ ಗಡಿಯಾರವೊಂದಿದೆ. ಅಮೆರಿಕದಲ್ಲಿರುವ ಮಗನ ಮನೆಗೆ ಆರು ತಿಂಗಳು ಹೋಗುತ್ತಿದ್ದೇವೆ. ಯಜಮಾನರು ಅದನ್ನು ಕಟ್ಟಿಕೊಂಡೇ ಹೊರಡುತ್ತಾರೆ. ವಾಪಸು ಬರುವಾಗ ಸುಂಕ ಕೇಳುತ್ತಾರೆಯೇ?
– ಓದುಗರು, ಹೊನ್ನಾವರ

ಉತ್ತರ: ಹೊರಡುವ ದಿನವೇ ವಿಮಾನ ನಿಲ್ದಾಣದ ಸುಂಕ ಅಧಿಕಾರಿಗೆ ಗಡಿಯಾರ ತೋರಿಸಿ ರಫ್ತು ಪ್ರಮಾಣಪತ್ರ ಕೇಳಿ ಪಡೆಯಿರಿ. ಒಂದು ತಾಸು ಮೊದಲೇ ಹೋಗಿ. ಬರುವಾಗ ಆ ಕಾಗದ ತೋರಿಸಿದರೆ ಆಯಿತು. ಅದರಲ್ಲಿ ಗಡಿಯಾರದ ಸಂಖ್ಯೆ ಬರೆಸಿದರೆ ಒಳ್ಳೆಯದು. ಹಳೆಯ ಗಡಿಯಾರಗಳಲ್ಲಿ ಸಂಖ್ಯೆ ಬಹಳ ಸಲ ಹಿಂಬದಿ ಮುಚ್ಚಳದ ಒಳಗಿರುತ್ತದೆ. ಅಡುಗೆಮನೆಯ ಚಾಕು ಹಾಕಿ ತೆಗೆಯಬೇಡಿ, ಪೇಟೆಯ ರಿಪೇರಿಯವರಿಂದ ತೆಗೆಸಿ ಫೋಟೊ ಹಿಡಿದುಕೊಳ್ಳಿ. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀರಿದಂತೆ ಸಣ್ಣ ಅಕ್ಷರಗಳು ಕಂಡರೆ ಹಾಳಾಗಿದೆ ಎಂದು ಗಾಬರಿಯಾಗಬೇಡಿ. ರಿಪೇರಿ ಮಾಡಿದವರು ತಮ್ಮ ಗುರುತು, ಇಸವಿ ಗೀರಿ ಇಡುತ್ತಿದ್ದರು. ನನ್ನ ಅಪ್ಪ ಕನ್ನಡದಲ್ಲಿ ಒಂದು ‘ಶಿ’ ಬರೆದು ಅದರ ಕೆಳಗೆ ಇಸವಿ ಹಾಕುತ್ತಿದ್ದರು. ಹೊನ್ನಾವರದ ಕಡೆಯಿಂದಲೂ ಅವರಲ್ಲಿಗೆ ಗಡಿಯಾರ ಬರುತ್ತಿತ್ತು. ಅಂಥದ್ದು ಕಂಡರೆ ನನಗೊಂದು ಕಾರ್ಡು ಹಾಕಿ.